ಹಣೆಯ ಗೆರೆಗೆ ನಾಲ್ಕು ತಿಂಗಳ ವಾಯಿದೆ

ಶಿರಗಾಂವದ ಲೈರಾಯಿ ದೇವಿಯ ಜಾತ್ರೆ ವೈಶಾಖದಲ್ಲಿ ಮುಗಿಯುವ ಹೊತ್ತಿಗೆ ಡಿಚೋಲಿ ತಾಲೂಕಿನ ಕನ್ನಡಿಗರ ಮನೆಗಳಲ್ಲಿ ಮದುವೆಯ ಓಡಾಟ ಆರಂಭವಾಗಿರುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಸೀಮೆಗಳಿಂದ ಬಂದು ಇಲ್ಲಿ ನೆಲೆನಿಂತ ಕುಟುಂಬಗಳು ಸಾಖಳಿ ದಾಟಿ ಚೋರ್ಲಾ ಘಾಟಿನ ದಾರಿ ಹಿಡಿದು ಊರಿಗೆ ಹೊರಡುವ ಕಾಲವೂ ಅದೇ. ಸೀರೆ, ಬಂಗಾರ, ಛತ್ರ, ಅಡುಗೆಯವರು ಎಂಬ ಹಳೆಯ ಪಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಹೆಸರು ಸೇರಿಕೊಂಡಿದೆ. ಮದುಮಗಳ ತಾಯಿಯೋ ಚಿಕ್ಕಮ್ಮನೋ ಮೊಬೈಲಿನಲ್ಲಿ ಯಾರದೋ ನಯವಾದ ಹಣೆಯನ್ನು ಕಂಡು, ಬೊಟಾಕ್ಸ್ ಸೂಜಿ ಹಾಕಿಸಿಕೊಂಡರೆ ಹೇಗೆ ಎಂದು ಮೆಲ್ಲಗೆ ಕೇಳುತ್ತಾರೆ. ಕೇಳುವವರಿಗೆ ಅರ್ಧ ನಾಚಿಕೆ, ಕೇಳಿಸಿಕೊಂಡವರಿಗೆ ಪೂರ್ತಿ ನಗು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಕೈಯಿಂದ ಹಣ ಬಿಚ್ಚುವ ಮೊದಲು ಅದು ಎಷ್ಟು ದಿನ ಬಾಳುತ್ತದೆಂದು ಕೇಳುವುದು ಸಂಸಾರಸ್ಥರ ಲಕ್ಷಣ.

ಉತ್ತರ ಒಂದು ಸಾಲಿನದು. ಸೂಜಿ ಹಾಕಿದ ಎರಡು ಮೂರು ದಿನಗಳಲ್ಲಿ ಪರಿಣಾಮ ಕಾಣತೊಡಗುತ್ತದೆ, ಎರಡು ವಾರಗಳ ಸುಮಾರಿಗೆ ಪೂರ್ಣವಾಗುತ್ತದೆ, ಮೂರರಿಂದ ನಾಲ್ಕು ತಿಂಗಳಲ್ಲಿ ಇಳಿದುಹೋಗುತ್ತದೆ. ಮೇ ತಿಂಗಳ ಮದುವೆಗೆಂದು ಏಪ್ರಿಲಿನಲ್ಲಿ ಹಾಕಿಸಿಕೊಂಡ ನಯಹಣೆ, ಗೋವೆಯ ದೊಡ್ಡ ಹಬ್ಬವಾದ ಭಾದ್ರಪದದ ಚವತಿಗೆ ಉಳಿದಿರುವುದಿಲ್ಲ. ಮದುವೆಯ ಹಿಂದಿನ ದಿನ ಹಾಕಿಸಿಕೊಂಡವರಿಗಂತೂ ಅಕ್ಷತೆಯ ಹೊತ್ತಿಗೆ ಸೂಜಿ ಚುಚ್ಚಿದ ಗುರುತಲ್ಲದೆ ಬೇರೇನೂ ದೊರೆಯದು.

ಈ ಅವಧಿ ಏಕೆ ಇಷ್ಟೇ ಎಂಬುದನ್ನು ಅರಿಯಬೇಕಾದರೆ ಔಷಧದ ಹುಟ್ಟನ್ನು ನೋಡಬೇಕು. ಇದು ಮೂಲತಃ ವಿಷ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿ ಗಾಳಿಯಾಡದ ಹಳಸಿದ ಆಹಾರದಲ್ಲಿ ಬೆಳೆದು ಅದನ್ನು ಉತ್ಪಾದಿಸುತ್ತದೆ. ಹೆಸರಿನ ಮೂಲ ಲ್ಯಾಟಿನ್ ಭಾಷೆಯ ಬೊಟುಲಸ್; ಅದರ ಅರ್ಥ ಮಾಂಸ ತುಂಬಿದ ಕರುಳಿನ ತಿನಿಸು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಇಂಥ ತಿನಿಸು ತಿಂದು ಸತ್ತವರ ಲಕ್ಷಣಗಳನ್ನು ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ ಎಚ್ಚರದಿಂದ ಬರೆದಿಟ್ಟನು. ಸ್ನಾಯುಗಳನ್ನು ಸಡಿಲಿಸುವ ಈ ವಿಷ ಅತ್ಯಲ್ಪ ಪ್ರಮಾಣದಲ್ಲಿ ಔಷಧವೂ ಆದೀತೆಂದು ಆಗಲೇ ಊಹಿಸಿದವನು ಆತ. ಆತ ವೈದ್ಯನಾಗಿದ್ದಂತೆ ಕವಿಯೂ ಆಗಿದ್ದನು. 1895ರಲ್ಲಿ ಬೆಲ್ಜಿಯಂನ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಕೆಟ್ಟ ಹಂದಿಮಾಂಸ ತಿಂದು ಹಾಸಿಗೆ ಹಿಡಿದರು, ಮೂವರು ಸತ್ತರು. ಆ ಮಾಂಸದಿಂದಲೇ ಎಮಿಲ್ ವಾನ್ ಎರ್ಮೆಂಗೆಮ್ ಜೀವಾಣುವನ್ನು ಬೇರ್ಪಡಿಸಿ ತೋರಿಸಿದನು.

ಈ ಜೀವಾಣುವಿನ ವಿಷಯ ಬಂದಾಗ ಮನೆಯ ಹಿರಿಯರಿಗೆ ಹೇಳಲೇಬೇಕಾದ ಮಾತೊಂದಿದೆ. ಅದರ ಬೀಜಾಣುಗಳು ಮಣ್ಣಿನಲ್ಲಿಯೂ ಕೆಲವೊಮ್ಮೆ ಜೇನುತುಪ್ಪದಲ್ಲಿಯೂ ಇರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು. ಹಸುಗೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡಬಲ್ಲವು. ಹುಟ್ಟಿದ ಮಗುವಿನ ನಾಲಗೆಗೆ ಜೇನು ನೆಕ್ಕಿಸುವ ವಾಡಿಕೆ ಎಷ್ಟೇ ಪ್ರೀತಿಯದಾಗಿದ್ದರೂ ಒಂದು ವರ್ಷ ತುಂಬುವವರೆಗೆ ಅದನ್ನು ಬಿಡುವುದು ಲೇಸು.

ವಿಷವನ್ನು ಶುದ್ಧ ಹರಳುರೂಪದಲ್ಲಿ ಪಡೆಯುವ ಕೆಲಸ 1946ರಲ್ಲಿ ಅಮೆರಿಕದಲ್ಲಿ ಯುದ್ಧಸಂಬಂಧದ ಪ್ರಯೋಗಾಲಯದಲ್ಲಿ ನಡೆಯಿತು. ಅದನ್ನು ಕಣ್ಣಿಗೆ ತಂದವರು ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್. ಮೆಳ್ಳೆಗಣ್ಣಿನಲ್ಲಿ ಒಂದು ಬದಿಯ ಸ್ನಾಯು ಹೆಚ್ಚು ಎಳೆಯುತ್ತದೆ. ಅದನ್ನು ಶಸ್ತ್ರವಿಲ್ಲದೆ ಸಡಿಲಿಸುವ ಉಪಾಯವನ್ನು ಅವರು ಹುಡುಕುತ್ತಿದ್ದರು. 1989ರ ಕೊನೆಯಲ್ಲಿ ಮೆಳ್ಳೆಗಣ್ಣಿಗೂ ತಾನಾಗಿ ಮುಚ್ಚಿಕೊಳ್ಳುವ ರೆಪ್ಪೆಯ ಸೆಳೆತಕ್ಕೂ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ನೀಡಿತು. ಅಷ್ಟರೊಳಗೆ ಕೆನಡಾದ ವ್ಯಾಂಕೂವರಿನಲ್ಲಿ ನೇತ್ರವೈದ್ಯೆ ಜೀನ್ ಕರೂಥರ್ಸ್ ರೆಪ್ಪೆಯ ಸೆಳೆತಕ್ಕೆ ಸೂಜಿ ಹಾಕುತ್ತಿದ್ದಾಗ ಹುಬ್ಬುಗಳ ನಡುವಿನ ಗೆರೆ ಮಾಯವಾಗುವುದು ಗಮನಕ್ಕೆ ಬಂದಿತ್ತು. ಅವರ ಪತಿ ಅಲಸ್ಟೇರ್ ಚರ್ಮವೈದ್ಯರು. ದಂಪತಿಗಳು 1992ರಲ್ಲಿ ಅದನ್ನು ಪ್ರಕಟಿಸಿದರು. ಹುಬ್ಬಿನ ನಡುವಣ ಗೆರೆಗೆಂದೇ ಅಮೆರಿಕದಲ್ಲಿ ಅಧಿಕೃತ ಒಪ್ಪಿಗೆ ದೊರೆತದ್ದು 2002ರಲ್ಲಿ. ಅಂದರೆ ಸೌಂದರ್ಯದ ಮದ್ದೆಂದು ಜಗತ್ತು ತಿಳಿದಿರುವುದು ಕಣ್ಣಿನ ರೋಗಿಗಳ ಚಿಕಿತ್ಸೆಯ ಹಿಂದೆ ಬಂದ ಉಪಫಲ.

ಔಷಧದ ಕಾರ್ಯ ಹೀಗೆ. ನಾವು ಹುಬ್ಬು ಗಂಟಿಕ್ಕಬೇಕೆಂದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಿದ್ದು ಸ್ನಾಯುವಿಗೆ ಆಜ್ಞೆ ಮುಟ್ಟಿಸಬೇಕು. ಆ ರಾಸಾಯನಿಕವನ್ನು ಹೊರಹಾಕಲು ನರದೊಳಗೆ ಒಂದು ಪ್ರೋಟೀನು ಬೇಕು. ಬೊಟುಲಿನಂ ವಿಷ ನರದ ತುದಿಯನ್ನು ಹೊಕ್ಕು ಆ ಪ್ರೋಟೀನನ್ನು ಕತ್ತರಿಸುತ್ತದೆ. ಓಲೆ ಬರೆದಿದೆ, ಅಂಚೆಯವನು ಹೊರಡುವುದಿಲ್ಲ. ಸ್ನಾಯು ಸತ್ತಿಲ್ಲ, ನರ ಸತ್ತಿಲ್ಲ. ಅವೆರಡರ ನಡುವಣ ಮಾತು ನಿಂತಿದೆ. ದೇಹ ಇದನ್ನು ಸಹಿಸಿಕೊಂಡು ಸುಮ್ಮನಿರುವುದಿಲ್ಲ. ವಾರಗಳು ಕಳೆದಂತೆ ನರದ ತುದಿಯಲ್ಲಿ ಹೊಸ ಚಿಗುರುಗಳು ಒಡೆದು ಸ್ನಾಯುವನ್ನು ಮುಟ್ಟುತ್ತವೆ. ಕೆಲವು ತಿಂಗಳಲ್ಲಿ ಹಳೆಯ ತುದಿಯೇ ಚೇತರಿಸಿಕೊಂಡು ತನ್ನ ಕೆಲಸ ವಹಿಸಿಕೊಂಡಾಗ ಚಿಗುರುಗಳು ಹಿಂದೆ ಸರಿಯುತ್ತವೆ. ನಾಲ್ಕು ತಿಂಗಳ ವಾಯಿದೆಯನ್ನು ನಿರ್ಧರಿಸುವುದು ಈ ದುರಸ್ತಿ. ಕೊಂಡ ವಸ್ತು ಸವೆದು ಹೋಯಿತೆಂದು ಕೊರಗುವವರು ತಮ್ಮ ನರಗಳ ಆರೋಗ್ಯವನ್ನು ಮೆಚ್ಚಿಕೊಳ್ಳಬಹುದು.

ಹಾಗಾದರೆ ಒಬ್ಬರಿಗೆ ಐದು ತಿಂಗಳು, ಇನ್ನೊಬ್ಬರಿಗೆ ಎರಡೇ ತಿಂಗಳು ಎಂಬ ವ್ಯತ್ಯಾಸ ಏಕೆ? ಮೊದಲ ಕಾರಣ ಸ್ನಾಯುವಿನ ಗಾತ್ರ ಮತ್ತು ಔಷಧದ ಪ್ರಮಾಣ. ಗಂಡಸರ ಹುಬ್ಬಿನ ಸ್ನಾಯು ಸಾಮಾನ್ಯವಾಗಿ ದಪ್ಪ, ಅವರಿಗೆ ಹೆಚ್ಚು ಬೇಕಾಗುತ್ತದೆ. ಹುಬ್ಬು ನಡುವಿನ ಗೆರೆಗೆ ಬೊಟಾಕ್ಸ್ ಹೆಸರಿನ ಔಷಧದ ನಿಗದಿತ ಪ್ರಮಾಣ 20 ಯೂನಿಟ್. ಐದು ಕಡೆ ನಾಲ್ಕು ನಾಲ್ಕರಂತೆ. ಕಣ್ಣಂಚಿನ ಗೆರೆಗಳಿಗೆ ಎರಡೂ ಬದಿ ಸೇರಿ 24, ಹಣೆಯ ಅಡ್ಡಗೆರೆಗೆ 20. ಮೂರೂ ಕಡೆ ಹಾಕಿಸಿದರೆ 64 ಯೂನಿಟ್. ವರ್ಷಕ್ಕೆ ಮೂರು ಸಲವಾದರೆ 192, ಅಂದರೆ 100 ಯೂನಿಟಿನ ಸೀಸೆ ಸರಿಸುಮಾರು ಎರಡು. ಯೂನಿಟಿಗೆ ಇಷ್ಟೆಂದು ಚಿಕಿತ್ಸಾಲಯ ಹೇಳುವ ದರವನ್ನು ಈ 192ರಿಂದ ಗುಣಿಸಿ ನೋಡಿದ ಮೇಲೆಯೇ ಮನೆಯ ಖರ್ಚಿನ ಲೆಕ್ಕ ನಿಜವಾಗುತ್ತದೆ. ಒಂದು ಸಲದ ದರ ಕೇಳಿ ಒಪ್ಪುವುದು ಮೊದಲ ಕಂತು ನೋಡಿ ದ್ವಿಚಕ್ರ ವಾಹನ ಕೊಂಡಂತೆ.

ಯೂನಿಟ್ ಎಂಬ ಮಾತಿನಲ್ಲಿಯೇ ಒಂದು ತೊಡಕಿದೆ. ಅದು ಗ್ರಾಮಿನಂತೆ ಎಲ್ಲ ಅಂಗಡಿಗೂ ಸಮಾನವಾದ ಅಳತೆಯಲ್ಲ. ಡಿಸ್ಪೋರ್ಟ್ ಎಂಬ ಮತ್ತೊಂದು ತಯಾರಿಕೆಯಲ್ಲಿ ಅದೇ ಹುಬ್ಬಿನ ಗೆರೆಗೆ 50 ಯೂನಿಟ್ ಹಾಕುತ್ತಾರೆ. ಅದು ಬೊಟಾಕ್ಸಿನ 20ಕ್ಕಿಂತ ಹೆಚ್ಚು ಔಷಧವೆಂದು ಭಾವಿಸಬಾರದು. ಹೆಸರು ಕೇಳದೆ ಸಂಖ್ಯೆ ಮಾತ್ರ ಕೇಳಿದರೆ ಅಗ್ಗವೆನಿಸಿದ್ದು ತುಟ್ಟಿಯಾಗಬಹುದು.

ಎರಡನೆಯದು ನೀರು. ಔಷಧ ಸೀಸೆಯ ತಳದಲ್ಲಿ ಒಣಗಿದ ಪುಡಿಯ ರೂಪದಲ್ಲಿ ಕಣ್ಣಿಗೆ ಕಂಡೂ ಕಾಣದಂತಿರುತ್ತದೆ. 100 ಯೂನಿಟಿನಲ್ಲಿ ವಿಷದ ಸಂಯುಕ್ತದ ತೂಕ ಸುಮಾರು ಐದು ನ್ಯಾನೋಗ್ರಾಂ, ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅಂಥ ಐದು ಪಾಲು. ಇದಕ್ಕೆ ವೈದ್ಯರು ಲವಣದ್ರಾವಣ ಬೆರೆಸುತ್ತಾರೆ. 2.5 ಮಿಲಿಲೀಟರ್ ಬೆರೆಸಿದರೆ ಪ್ರತಿ 0.1 ಮಿಲಿಲೀಟರಿನಲ್ಲಿ ನಾಲ್ಕು ಯೂನಿಟ್ ಬರುತ್ತದೆ. ಐದು ಮಿಲಿಲೀಟರ್ ಬೆರೆಸಿದರೆ ಎರಡೇ ಯೂನಿಟ್. ಎಷ್ಟು ಬೆರೆಸಿದರೆಂಬುದಕ್ಕೆ ತಕ್ಕಂತೆ ಹಾಕುವ ಪ್ರಮಾಣವನ್ನೂ ಬದಲಿಸಿದರೆ ದೋಷವಿಲ್ಲ. ಬದಲಿಸದಿದ್ದರೆ ಚುಚ್ಚಿದ ಜಾಗ ಅಷ್ಟೇ, ನೋವು ಅಷ್ಟೇ, ಔಷಧ ಮಾತ್ರ ಅರ್ಧ. ಹಾಲಿಗೆ ನೀರು ಬೆರೆಸಿದ್ದನ್ನು ನಾಲಗೆ ಹೇಳುತ್ತದೆ; ಇಲ್ಲಿ ಹೇಳುವುದು ಎರಡು ತಿಂಗಳ ನಂತರದ ಕನ್ನಡಿ.

ಮೂರನೆಯದು ತಂಪು. ಸೀಸೆ 2ರಿಂದ 8 ಡಿಗ್ರಿಯ ನಡುವೆ ಇರಬೇಕು, ಬೆರೆಸಿದ ಮೇಲೆ 24 ಗಂಟೆಗಳೊಳಗೆ ಬಳಸಬೇಕೆಂದು ಬೊಟಾಕ್ಸಿನ ಔಷಧಪತ್ರ ಹೇಳುತ್ತದೆ. ಮಕ್ಕಳ ಲಸಿಕೆಯನ್ನು ನೀಲಿ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯೊಡನೆ ಹೊತ್ತು ತರುವುದನ್ನು ಶಾಲೆಯಂಗಳದಲ್ಲಿ ಕಂಡವರಿಗೆ ಈ ಮಾತಿನ ಗಂಭೀರತೆ ಬೇರೆ ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ವಿದ್ಯುತ್ತು ಗಂಟೆಗಟ್ಟಲೆ ಹೋಗುವ ಊರಿನಲ್ಲಿ, ಶೀತಕಪೆಟ್ಟಿಗೆಗೆ ಬದಲಿ ವ್ಯವಸ್ಥೆ ಏನೆಂದು ಕೇಳುವುದು ಅಧಿಕಪ್ರಸಂಗವಲ್ಲ.

ಅವಧಿ ಮುಗಿಯುವ ಮೊದಲೇ ಮತ್ತೆ ಮತ್ತೆ ಹಾಕಿಸಿಕೊಂಡರೆ ಹೆಚ್ಚು ದಿನ ಬಾಳುತ್ತದೆಂಬ ನಂಬಿಕೆ ತಪ್ಪು, ಹಾನಿಕರವೂ ಹೌದು. ದೇಹ ಈ ಪರಕೀಯ ಪ್ರೋಟೀನನ್ನು ಗುರುತಿಸಿ ಅದಕ್ಕೆದುರಾಗಿ ಪ್ರತಿಕಾಯಗಳನ್ನು ಕಟ್ಟಿಕೊಂಡರೆ ಮುಂದೆ ಔಷಧ ನಾಟುವುದೇ ಇಲ್ಲ. ಸೌಂದರ್ಯಕ್ಕೆ ಬಳಸುವ ಸಣ್ಣ ಪ್ರಮಾಣದಲ್ಲಿ ಇದು ಅಪರೂಪ, ಆದರೆ ಮೂರು ತಿಂಗಳಿಗಿಂತ ಬೇಗ ಮರುಸೂಜಿ ಬೇಡವೆಂಬ ನಿಯಮ ಈ ಕಾರಣಕ್ಕೇ ಇದೆ. ಹಾಕಿಸಿಕೊಂಡ ದಿನ ಮುಖ ತಿಕ್ಕಬಾರದು, ಕೆಲವು ಗಂಟೆ ಮಲಗಬಾರದು ಎಂದು ವೈದ್ಯರು ಹೇಳುವುದು ಔಷಧ ಪಕ್ಕದ ಸ್ನಾಯುವಿಗೆ ಹರಿಯದಿರಲೆಂದು. ಬಾಳಿಕೆಗೂ ಅದಕ್ಕೂ ಹೆಚ್ಚಿನ ನಂಟಿಲ್ಲ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಫೈ ಎಂಬ ಹೊಸ ತಯಾರಿಕೆ ಪ್ರಯೋಗಗಳಲ್ಲಿ ಸುಮಾರು ಆರು ತಿಂಗಳು ಬಾಳಿದೆ. ಹೆಚ್ಚು ಬಾಳುವುದೆಂದರೆ ತಪ್ಪಾಗಿ ಬಿದ್ದ ಸೂಜಿಯ ಫಲವೂ ಹೆಚ್ಚು ಬಾಳಬಹುದೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಈಗ ಡಿಚೋಲಿಯ ಮುಖಗಳ ಮಾತು. ಈ ಸೂಜಿ ಎಲ್ಲ ಗೆರೆಗಳಿಗೂ ಮದ್ದಲ್ಲ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡಿ ಮುಖ ಸಡಿಲವಾದೊಡನೆ ಮಾಯವಾಗುವ ಗೆರೆ ಒಂದು ಬಗೆ. ಅದು ಸ್ನಾಯುವಿನದು, ಸೂಜಿಗೆ ಬಗ್ಗುತ್ತದೆ. ನಿದ್ದೆಯಲ್ಲಿಯೂ ಅಳಿಯದೆ ಉಳಿದ ಗೆರೆ ಇನ್ನೊಂದು ಬಗೆ. ಅದು ಚರ್ಮದೊಳಗಣ ಕೊಲಾಜೆನ್ ನಾರು ಹರಿದು ಸೊರಗಿದ್ದರ ಗುರುತು. ಅಲ್ಲಿ ಸ್ನಾಯುವನ್ನು ಎಷ್ಟು ಮಲಗಿಸಿದರೂ ಗೆರೆ ಸ್ವಲ್ಪ ಮೆದುವಾದೀತು, ಹೋಗದು. ಹಣ ಕೊಟ್ಟು ನಿರಾಶರಾದವರಲ್ಲಿ ಅನೇಕರು ಈ ಎರಡನೆಯ ಬಗೆಯ ಗೆರೆಗೆ ಮೊದಲನೆಯದರ ಮದ್ದು ಕೊಂಡವರು.

ಕೊಲಾಜೆನನ್ನು ಹರಿಯುವುದರಲ್ಲಿ ವಯಸ್ಸಿಗಿಂತ ಬಿಸಿಲಿನ ಪಾಲು ದೊಡ್ಡದು. ಇದಕ್ಕೆ ಮರೆಯಲಾಗದ ಸಾಕ್ಷ್ಯವೊಂದು 2012ರಲ್ಲಿ ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಅಮೆರಿಕದ 69 ವರ್ಷದ ಟ್ರಕ್ ಚಾಲಕನೊಬ್ಬನ ಭಾವಚಿತ್ರ ಅದು. 28 ವರ್ಷ ಸರಕು ಸಾಗಿಸಿದವನು. ಅಲ್ಲಿ ಚಾಲಕ ಎಡಬದಿಗೆ ಕೂರುತ್ತಾನೆ. ಕಿಟಕಿಯ ಗಾಜನ್ನು ದಾಟಿ ಬಂದ ಅತಿನೇರಳೆ ಕಿರಣ ಆತನ ಎಡಗೆನ್ನೆಯನ್ನು ಉತ್ತ ಹೊಲದಂತೆ ಮಾಡಿತ್ತು, ಬಲಗೆನ್ನೆ ಹತ್ತಾರು ವರ್ಷ ಚಿಕ್ಕವನದ್ದು. ಒಂದೇ ಮನುಷ್ಯ, ಒಂದೇ ವಯಸ್ಸು, ಎರಡು ಮುಖ. ನಮ್ಮಲ್ಲಿ ಚಾಲಕನ ಆಸನ ಬಲಕ್ಕಿದೆ. ಅದಿರು ತುಂಬಿದ ಟಿಪ್ಪರುಗಳನ್ನು ಡಿಚೋಲಿಯ ಗಣಿಗಳಿಂದ ನದಿಯ ಧಕ್ಕೆಗಳಿಗೆ ವರ್ಷಗಟ್ಟಲೆ ಓಡಿಸಿದವರ ಬಲಗೆನ್ನೆಯನ್ನು ಅವರ ಮನೆಯವರು ಒಮ್ಮೆ ಗಮನಿಸಿ ನೋಡಬಹುದು.

2012ರಲ್ಲಿ ಗಣಿಗಾರಿಕೆ ನಿಂತಾಗ, ಮತ್ತೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಗುತ್ತಿಗೆಗಳನ್ನು ರದ್ದುಪಡಿಸಿದಾಗ ಆ ಟಿಪ್ಪರುಗಳು ರಸ್ತೆಬದಿಯಲ್ಲಿ ಸಾಲಾಗಿ ತುಕ್ಕು ಹಿಡಿದದ್ದನ್ನು ಕಂಡ ಕುಟುಂಬಗಳು ಇವು. ಚಾಲಕರು ಕಟ್ಟಡದ ಕೆಲಸಕ್ಕೆ ಇಳಿದರು, ಹೆಂಗಸರು ಜಲ್ಲಿ ಹೊತ್ತರು, ಬಿಸಿಲು ಮಾತ್ರ ಬದಲಾಗಲಿಲ್ಲ. ಕೆಂಪು ಧೂಳಿಗೂ ಬೆಳಕಿಗೂ ಕಣ್ಣು ಕಿರಿದುಮಾಡಿ ಮಾಡಿ ಕಣ್ಣಂಚಿನಲ್ಲಿ ಮೂಡಿದ ಗೆರೆ ಸ್ನಾಯುವಿನದೂ ಹೌದು, ಚರ್ಮದ್ದೂ ಹೌದು. ಅಂಥ ಮುಖಕ್ಕೆ ಮೂರು ತಿಂಗಳಿಗೊಮ್ಮೆ ಸೂಜಿ ಹಾಕಿ, ಮಿಕ್ಕ ತೊಂಬತ್ತು ದಿನ ತಲೆಯ ಮೇಲೆ ಟೋಪಿಯಿಲ್ಲದೆ ದುಡಿಸಿದರೆ ಸೋರುವ ಕೊಡಕ್ಕೆ ನೀರು ಸುರಿದಂತೆ. ಅಗಲ ಅಂಚಿನ ಟೋಪಿ, ಸೆರಗಿನ ನೆರಳು, ಕಪ್ಪು ಕನ್ನಡಕ, ಬಿಸಿಲುರೋಧಕ ಲೇಪ, ತಂಬಾಕಿನ ತ್ಯಾಗ ಇವು ಸೂಜಿಗಿಂತ ಅಗ್ಗ. ಸೂಜಿ ಹಾಕಿಸಿಕೊಂಡವರಿಗೂ ಅವೇ ಕಾವಲು. ಮಯೆಂ ಕೆರೆಯ ದಂಡೆಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗರೆಲ್ಲ ಟೋಪಿ ತೊಟ್ಟಿರುತ್ತಾರೆ, ಪಕ್ಕದಲ್ಲಿ ಗೋಡೆ ಕಟ್ಟುವವನ ತಲೆ ಬರಿದಾಗಿರುತ್ತದೆ. ಈ ವಿಚಿತ್ರಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ.

ದೀರ್ಘಕಾಲದ ಫಲದ ಬಗ್ಗೆ ಆಗಾಗ ಉದ್ಧರಿಸುವ ಉದಾಹರಣೆ 2006ರಲ್ಲಿ ಪ್ರಕಟವಾದ ಅವಳಿ ಸೋದರಿಯರದು. ಒಬ್ಬಳು 13 ವರ್ಷ ವರ್ಷಕ್ಕೆರಡು ಮೂರು ಬಾರಿ ಹಾಕಿಸಿಕೊಂಡಳು, ಇನ್ನೊಬ್ಬಳು ಒಟ್ಟು ಎರಡೇ ಬಾರಿ. ಮೊದಲನೆಯವಳ ಹಣೆಯಲ್ಲಿ ಅಚ್ಚೊತ್ತಿದ ಗೆರೆ ಮೂಡಲಿಲ್ಲ, ಎರಡನೆಯವಳಲ್ಲಿ ಮೂಡಿತ್ತು. ಪದೇ ಪದೇ ಮಡಿಸದ ಕಾಗದದಲ್ಲಿ ಗೆರೆ ಉಳಿಯದು ಎಂಬ ತರ್ಕ ಇದರಿಂದ ಬಲಗೊಳ್ಳುತ್ತದೆ. ಆದರೆ ಒಂದು ಜೋಡಿಯ ಕಥೆ ಒಂದು ಜೋಡಿಯದೇ. ಅದಕ್ಕೆ ತೆತ್ತ 13 ವರ್ಷಗಳ ಹಣದ ಲೆಕ್ಕವೂ ಅದರ ಜೊತೆಗೇ ಬರಬೇಕು.

ಸೂಜಿ ಹಾಕುವ ಕೈ ಯಾರದೆಂಬುದು ಬಾಳಿಕೆಗಿಂತ ದೊಡ್ಡ ಪ್ರಶ್ನೆ. ಇದು ವೈದ್ಯರ ಚೀಟಿಯ ಮೇಲೆ ದೊರೆಯಬೇಕಾದ ಔಷಧ. ಮುಖದ ಸ್ನಾಯು, ನರಗಳ ವಿನ್ಯಾಸ ಬಲ್ಲ ನೋಂದಾಯಿತ ವೈದ್ಯರ ಕೆಲಸ. ಒಂದು ಕೂದಲೆಳೆಯಷ್ಟು ಕೆಳಗೆ ಹರಿದರೆ ಕಣ್ರೆಪ್ಪೆ ಜೋಲುತ್ತದೆ, ಹಲವು ವಾರ ಹಾಗೆಯೇ ಇರುತ್ತದೆ. ಅದನ್ನು ಅಳಿಸಿಹಾಕುವ ಮರುಮದ್ದಿಲ್ಲ. ನಾಲ್ಕು ತಿಂಗಳ ಅಲ್ಪಾಯುಷ್ಯ ಆಗ ವರವಾಗಿ ತೋರುತ್ತದೆ. 2024ರ ಏಪ್ರಿಲಿನಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್ ಸಿಕ್ಕಿಬಿದ್ದು, ಮನೆಗಳಲ್ಲಿ, ಅಂದದ ಅಂಗಡಿಗಳಲ್ಲಿ ಹಾಕಿಸಿಕೊಂಡ ಮಹಿಳೆಯರು ಆಸ್ಪತ್ರೆ ಸೇರಿದರು. ಅಷ್ಟು ಕಟ್ಟುನಿಟ್ಟಿನ ದೇಶದಲ್ಲಿಯೇ ಹೀಗಾದರೆ, ಮದುವೆಯ ಅಲಂಕಾರದ ಜೊತೆಗೆ ರಿಯಾಯಿತಿ ದರದಲ್ಲಿ ಕೊಡುವ ಸೂಜಿಯ ಬಗ್ಗೆ ಮನೆಯವರು ತಾವೇ ಯೋಚಿಸಲಿ. ಸೀಸೆಯನ್ನು ಕಣ್ಣೆದುರು ಒಡೆಯಲು, ಹೆಸರು ಮತ್ತು ಅವಧಿ ತೋರಿಸಲು ಒಲ್ಲದ ಕಡೆಯಿಂದ ಎದ್ದು ಬರುವುದು ಅಗೌರವವಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಯಸ್ಥೀನಿಯಾದಂಥ ಸ್ನಾಯುದೌರ್ಬಲ್ಯದ ರೋಗವುಳ್ಳವರು ಇದರ ಹತ್ತಿರ ಹೋಗಬಾರದು. ಸೂಜಿಯ ನಂತರ ನುಂಗಲು, ಉಸಿರಾಡಲು, ಮಾತಾಡಲು ಕಷ್ಟವಾದರೆ ಮರುದಿನಕ್ಕೆ ಕಾಯದೆ ಬಾಂಬೋಳಿಯ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಹೊರಡಬೇಕು.

ಇದೇ ಸೀಸೆಯ ಇನ್ನೊಂದು ಬಳಕೆಯನ್ನು ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳು ತಿಳಿದಿರಬೇಕು. ನಾಚಿಕೆಯ ನಗುವಿನಲ್ಲಿ ಅದು ಮರೆತುಹೋಗುತ್ತದೆ. ಹುಟ್ಟಿನ ಹೊತ್ತಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಮೆದುಳಿಗೆ ಪೆಟ್ಟು ಬಿದ್ದ ಕೆಲವು ಮಕ್ಕಳ ಕಾಲಿನ ಮೀನಖಂಡ ಸದಾ ಬಿಗಿದುಕೊಂಡಿದ್ದು ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಸೆರೆಬ್ರಲ್ ಪಾಲ್ಸಿ ಎನ್ನುವ ಈ ಸ್ಥಿತಿಯಲ್ಲಿ ಮಗು ತುದಿಗಾಲಿನಲ್ಲಿಯೇ ನಡೆಯುತ್ತದೆ, ಬೀಳುತ್ತದೆ, ಕೊನೆಗೆ ಶಾಲೆಗೆ ಬರುವುದನ್ನೇ ಬಿಡುತ್ತದೆ. ಬಿಗಿದ ಸ್ನಾಯುವಿಗೆ ಈ ವಿಷವನ್ನು ಲೆಕ್ಕಹಾಕಿ ಚುಚ್ಚಿದರೆ ಅದು ಸಡಿಲವಾಗುತ್ತದೆ. ಅವಧಿ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಮೂರು ನಾಲ್ಕು ತಿಂಗಳು. ಆದರೆ ಆ ಮೂರು ತಿಂಗಳು ಬಿಡುವಿನ ಕಾಲವಲ್ಲ. ಸ್ನಾಯು ಮೆದುವಾಗಿರುವಾಗಲೇ ಪ್ರತಿದಿನ ಅದನ್ನು ಎಳೆದು ಹಿಗ್ಗಿಸಬೇಕು, ಪಟ್ಟಿ ಅಥವಾ ವಿಶೇಷ ಪಾದರಕ್ಷೆ ತೊಡಿಸಬೇಕು, ಹಿಮ್ಮಡಿಯೂರಿ ನಡೆಯುವುದನ್ನು ರೂಢಿಸಬೇಕು. ಹಣೆಗೆ ಹಾಕಿಸಿಕೊಂಡವರು ಸುಮ್ಮನೆ ಕುಳಿತರೂ ಫಲ ಬರುತ್ತದೆ, ಈ ಮಗುವಿಗೆ ಬರುವುದಿಲ್ಲ. ವ್ಯಾಯಾಮವಿಲ್ಲದ ಸೂಜಿ ನಾಲ್ಕು ತಿಂಗಳ ನಂತರ ಮಗುವನ್ನು ಹಿಂದಿನ ಜಾಗಕ್ಕೇ ತಂದು ನಿಲ್ಲಿಸುತ್ತದೆ.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ನರಸ್ನಾಯು ದೌರ್ಬಲ್ಯವೂ ಇದೆ. ತಂಡ ಬಂದ ದಿನ ಇಂಥ ಮಗುವನ್ನು ಮನೆಯಲ್ಲಿ ಅಡಗಿಸಿಡುವ ತಾಯಿತಂದೆಯರು ಇದ್ದಾರೆ. ಭಾಷೆ ಬಾರದೆಂಬ ಅಳುಕು ಒಂದು, ಊರಿಗೆ ಹೋದಾಗ ತೋರಿಸೋಣವೆಂಬ ಮುಂದೂಡಿಕೆ ಇನ್ನೊಂದು. ಕೊಂಕಣಿಯಲ್ಲಿ ಹೇಳಲಾರದವರು ಕನ್ನಡ ಬಲ್ಲ ಶಿಕ್ಷಕರನ್ನು ಜೊತೆಗೆ ನಿಲ್ಲಿಸಿಕೊಳ್ಳಬಹುದು. ಊರಿಗೆ ಹೋಗುವವರು ಬೆಳಗಾವಿಯಲ್ಲಿ ಮೂಳೆ ಅಥವಾ ಮಕ್ಕಳ ನರರೋಗದ ವೈದ್ಯರಿಗೆ ತೋರಿಸಬಹುದು. ಆದರೆ ಸೂಜಿ ಬೆಳಗಾವಿಯಲ್ಲಿ, ವ್ಯಾಯಾಮ ಡಿಚೋಲಿಯಲ್ಲಿ ಎಂದಾದರೆ ವ್ಯಾಯಾಮ ಹೇಳಿಕೊಡುವವರು ಇಲ್ಲಿ ಯಾರೆಂಬುದು ಘಾಟಿ ಹತ್ತುವ ಮುನ್ನವೇ ಗೊತ್ತಾಗಿರಬೇಕು. ಬೇಸಿಗೆ ರಜೆಯಲ್ಲಿ ಸೂಜಿ ಹಾಕಿಸಿ, ಮಳೆಯೊಡನೆ ತರಗತಿಗಳು ಮತ್ತೆ ಆರಂಭವಾಗುವ ಜೂನಿನಲ್ಲಿ ಮಗುವನ್ನು ನಡೆಸಿಕೊಂಡು ಹೋದರೆ ಚವತಿಯವರೆಗಿನ ದಿನಗಳೆಲ್ಲ ಅಭ್ಯಾಸಕ್ಕೆ ಸಿಗುತ್ತವೆ.